ಪರದೆ ಬಿಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತ ಗೋಷ್ಠಿ: ನನ್ನ ಅನುಭವ

ಜೀವಕೋಶಶಾಸ್ತ್ರದ ಗೋಷ್ಠಿ ಎಂದರೆ ಹತ್ತು ನಿಮಿಷಕ್ಕೊಬ್ಬರಂತೆ ಪಿಪಿಟಿ ಓಡಿಸಿ, ಪ್ರಮಾಣಪತ್ರ ಪಡೆದು, ಊಟಕ್ಕೆ ಎದ್ದು ಹೋಗುವುದು ಎಂಬ ರೂಢಿಯನ್ನು ಈ ಜನವರಿಯಲ್ಲಿ ವಿಜಯಪುರದ ನಮ್ಮ ಕಾಲೇಜಿನ ಸಮ್ಮೇಳನದಲ್ಲಿ ಮುರಿದೆವು. ಪ್ರಬಂಧ ಮಂಡಿಸುವವರು ತಾವು ಎಣಿಸಿದ ಕೋಶಗಳನ್ನು ಗಾಜಿನ ಮೇಲೆ ತಂದು ತೋರಿಸಬೇಕು. ಮಾತಿಗೆ ಐದು ನಿಮಿಷ, ಸೂಕ್ಷ್ಮದರ್ಶಕದ ಮುಂದೆ ಹದಿನೈದು ನಿಮಿಷ. ಈ ನಿಯಮ ಮುಂದಿಟ್ಟಾಗ ಸಂಘಟನಾ ಸಮಿತಿಯಲ್ಲಿ ನಕ್ಕವರೇ ಹೆಚ್ಚು. ‘ಮೇಡಂ, ನೀವು ಗೋಷ್ಠಿ ನಡೆಸುತ್ತೀರೋ, ಪ್ರಾಯೋಗಿಕ ಪರೀಕ್ಷೆ ನಡೆಸುತ್ತೀರೋ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಊಟದ ನಂತರವೂ ಜನ ಕದಲದೆ ನಿಂತಿದ್ದು ನಮ್ಮ ಕೋಣೆಯಲ್ಲಿ ಮಾತ್ರ. ಆದ್ದರಿಂದ ಹೇಗೆ ಮಾಡಿದೆವು ಎಂಬುದನ್ನು ಬರೆದಿಡುತ್ತಿದ್ದೇನೆ.

ಹಿಂದಿನ ವರ್ಷಗಳ ಪ್ರಯತ್ನಗಳು ಕೈಕೊಟ್ಟಿದ್ದು ಉಳ್ಳಾಗಡ್ಡಿಯಿಂದಲೇ (ಈರುಳ್ಳಿ). 2014ರಲ್ಲಿ ಯುಜಿಸಿ ಪ್ರಾಣಿ ಛೇದನವನ್ನು ಕೈಬಿಡಲು ಹೇಳಿದ ಮೇಲೆ ಎಕ್ಕೆ ಗಿಡದ ಮಿಡತೆ ಹಿಡಿದು ಮಿಯೋಸಿಸ್ (ಸಂತಾನ ಕೋಶಗಳು ಹುಟ್ಟುವ ವಿಭಜನೆ) ತೋರಿಸುವ ಕಾಲ ಮುಗಿಯಿತು. ಕೋಶ ವಿಭಜನೆ ತೋರಿಸಲು ಉಳಿದಿದ್ದು ಉಳ್ಳಾಗಡ್ಡಿಯ ಬೇರಿನ ತುದಿ. ನಮ್ಮ ಜಿಲ್ಲೆಯಲ್ಲಿ ಉಳ್ಳಾಗಡ್ಡಿಗೆ ಬರವೇ ಎಂದು ಯಾರಾದರೂ ಕೇಳಬಹುದು. ಮಾರುಕಟ್ಟೆಗೆ ಆಗ ತಾನೇ ಬಂದ ಹೊಸ ಬೆಳೆ ಸುಪ್ತಾವಸ್ಥೆಯಲ್ಲಿರುತ್ತದೆ, ನೀರಿನಲ್ಲಿಟ್ಟರೂ ಬೇರು ಬಿಡುವುದಿಲ್ಲ. ಬಿಟ್ಟ ಒಂದೆರಡು ಬೇರುಗಳೂ ಎರಡು ದಿನಕ್ಕೆ ಲೋಳೆಗಟ್ಟಿ ಕೊಳೆತು ನಾರುತ್ತಿದ್ದವು. ಈ ಬಾರಿ ಕೊಲ್ಹಾರ ಕಡೆಯ ರೈತರೊಬ್ಬರ ಮನೆಯಲ್ಲಿ ಉಳಿದಿದ್ದ ಹಳೆಯ ದಾಸ್ತಾನನ್ನು ಕೇಳಿ ತಂದೆ. ಗಟ್ಟಿಯಾದ ಸಣ್ಣ ಗಡ್ಡೆಗಳನ್ನು ಆರಿಸಿ, ತಳದ ಒಣಬೇರುಗಳನ್ನು ಬ್ಲೇಡಿನಿಂದ ಕೆರೆದು, ರಾತ್ರಿಯಿಡೀ ಬಕೆಟ್‌ನಲ್ಲಿ ತೆರೆದಿಟ್ಟ ನಳದ ನೀರಿನ ಮೇಲೆ ಕೂರಿಸಿದೆ. ನೀರು ಬೆಳಿಗ್ಗೆ ಸಂಜೆ ಬದಲು. ಮೂರನೆಯ ದಿನಕ್ಕೆ ಬಿಳಿಯ ಬೇರುಗಳು ಒತ್ತಾಗಿ ಬಂದವು. ಬಳ್ಳೊಳ್ಳಿಯನ್ನೂ ಇಟ್ಟು ನೋಡಿದೆ. ಎಸಳು ಬೇಗ ಬೇರು ಬಿಡುತ್ತದೆ, ಉಳ್ಳಾಗಡ್ಡಿಯಂತೆ ಅದರಲ್ಲೂ 16 ವರ್ಣತಂತುಗಳೇ (ಕ್ರೋಮೋಸೋಮ್). ಗಡ್ಡೆ ಕೈಕೊಟ್ಟರೆ ಇರಲಿ ಎಂದು ಒಂದು ತಟ್ಟೆ ಬಳ್ಳೊಳ್ಳಿ ಸದಾ ಇಟ್ಟುಕೊಳ್ಳುವುದು ಲೇಸು.

ಬೇರುಗಳನ್ನು ಯಾವ ಹೊತ್ತಿಗೆ ಕತ್ತರಿಸಿ, ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುವ 3:1 ಆಲ್ಕೋಹಾಲ್-ಅಸಿಟಿಕ್ ಆಮ್ಲದ ದ್ರಾವಣಕ್ಕೆ ಹಾಕಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬೆಳಗಿನ ಹೊತ್ತು ಎಂದು ಪ್ರಾಯೋಗಿಕ ಕೈಪಿಡಿಗಳು ಹೇಳುತ್ತವೆ, ಅದು ಸರಿಯೇ; ಆದರೆ ನಮ್ಮ ಊರಿನ ಚಳಿಗಾಲದ ಬೆಳಗಿನಲ್ಲಿ ಯಾವ ಅರ್ಧ ಗಂಟೆ ಎಂಬುದನ್ನು ಕಂಡುಕೊಳ್ಳಲು ನನಗೆ ಎರಡು ಚಳಿಗಾಲ ಬೇಕಾಯಿತು. ಚಳಿಯ ಇನ್ನೊಂದು ಕಾಟ ಗ್ಲೇಷಿಯಲ್ ಅಸಿಟಿಕ್ ಆಮ್ಲದ್ದು. ಅದು 16.6 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಬಾಟಲಿ ತೆಗೆದರೆ ಒಳಗೆ ಅರ್ಧದಷ್ಟು ಗಾಜಿನಂತೆ ಗಟ್ಟಿ. ಗಡಿಬಿಡಿಯಲ್ಲಿ ಮೇಲಿನ ತಿಳಿಯನ್ನಷ್ಟೇ ಅಳೆದು ಬೆರೆಸಬಾರದು. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು ಪೂರ್ತಿ ಕರಗಿಸಿಯೇ ಬಳಸಬೇಕು.

ಬಣ್ಣದ ವಿಷಯಕ್ಕೆ ಬರುತ್ತೇನೆ. ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಒಂಬತ್ತು ಹನಿ, ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ, ವಾಚ್ ಗ್ಲಾಸ್ ಎಂಬ ಪುಟ್ಟ ಗಾಜಿನ ಬಟ್ಟಲಿನಲ್ಲಿ ಬೇರನ್ನು ಸಣ್ಣಗೆ ಬೆಚ್ಚಗೆ ಮಾಡುವುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ನಾನು ತುದಿಯನ್ನು ಒಡೆಯಲು ಹಳೆಯ ತುಕ್ಕು ಹಿಡಿದ ಸೂಜಿಯನ್ನೇ ಬಳಸುತ್ತೇನೆ. ಬಣ್ಣದ ಹನಿಯಲ್ಲಿ ಸೂಜಿಯಾಡಿಸುತ್ತಿದ್ದಂತೆ ಕೆಂಪು ನಿಧಾನವಾಗಿ ನೇರಳೆಗೆ ತಿರುಗುತ್ತದೆ. ಕಬ್ಬಿಣ ಸೇರಿ ವರ್ಣತಂತುಗಳು ಕಡುವಾಗಿ ಎದ್ದು ನಿಲ್ಲುತ್ತವೆ. ನೇರಳೆ ಕಂಡ ಕೂಡಲೇ ಸೂಜಿ ತೆಗೆಯಬೇಕು. ತಡವಾದರೆ ಬಣ್ಣ ಹರಳುಗಟ್ಟಿ ಸ್ಲೈಡಿನ ತುಂಬ ಕಪ್ಪು ಚುಕ್ಕಿಗಳು.

ಹಣದ ಮಾತು. ಕಾಲೇಜು ಕೊಟ್ಟಿದ್ದು ಐದು ಸಾವಿರ, ಖರ್ಚಾಗಿದ್ದು ಹನ್ನೊಂದು ಸಾವಿರದ ಆಸುಪಾಸು. ಶುದ್ಧ ಆಲ್ಕೋಹಾಲ್‌ಗೆ ಅಬಕಾರಿ ಪರವಾನಗಿ ಬೇಕು, ಹಾಗಾಗಿ ವಿಭಾಗದಲ್ಲಿ ಇದ್ದ ದಾಸ್ತಾನಿನಲ್ಲೇ ಹೊಂದಿಸಿದೆ. ವಿಭಜನೆಯನ್ನು ನಡುವೆ ತಡೆದು ವರ್ಣತಂತುಗಳನ್ನು ಬಿಡಿಯಾಗಿ ತೋರಿಸುವ ಕಾಲ್ಚಿಸಿನ್‌ನ ಬೆಲೆ ಕೇಳಿ ಆ ಆಸೆಯನ್ನೇ ಬಿಟ್ಟೆ; ಪ್ಯಾರಾಡೈಕ್ಲೋರೋಬೆಂಜೀನ್‌ನ ಪರ್ಯಾಪ್ತ ದ್ರಾವಣದಲ್ಲಿ ಮೂರು ಗಂಟೆ ಇಟ್ಟರೆ ಮೆಟಾಫೇಸ್‌ಗಳು (ವಿಭಜನೆಯ ನಡುಹಂತದ ವರ್ಣತಂತುಗಳು) ಸಾಕಷ್ಟು ಚೆನ್ನಾಗಿ ಹರಡುತ್ತವೆ. ದೊಡ್ಡ ಪೆಟ್ಟು ಬಿದ್ದದ್ದು ಸೂಕ್ಷ್ಮದರ್ಶಕಗಳಲ್ಲಿ. ಮುಂಗಡ ಪಡೆದ ಪೂರೈಕೆದಾರರೊಬ್ಬರು ಸಮ್ಮೇಳನದ ಹಿಂದಿನ ಸಂಜೆ ಕಳುಹಿಸಿದ ಪೆಟ್ಟಿಗೆಗಳಲ್ಲಿ ಅರ್ಧಕ್ಕೆ 40 ಪಟ್ಟು ಹಿಗ್ಗಿಸುವ ಮಸೂರವೇ ಇರಲಿಲ್ಲ. ಆಗ ಕಪಾಟಿನಲ್ಲಿದ್ದ, ದೀಪದ ಬದಲು ಕನ್ನಡಿಯಿಂದ ಬೆಳಕು ಪಡೆಯುವ ಹಳೆಯ ಸೂಕ್ಷ್ಮದರ್ಶಕಗಳನ್ನು ಒರೆಸಿ ಕಿಟಕಿಯ ಪಕ್ಕ ಸಾಲಾಗಿ ಇಟ್ಟೆವು. ಮರುದಿನ ವಿದ್ಯುತ್ ಹೋದಾಗ ಪಕ್ಕದ ಕೋಣೆಗಳ ಪ್ರೊಜೆಕ್ಟರ್‌ಗಳೆಲ್ಲ ನಿಂತವು. ನಮ್ಮ ಕೆಲಸ ನಿಲ್ಲಲಿಲ್ಲ. ಮುನ್ನೂರು ರೂಪಾಯಿಯ ಮೊಬೈಲ್ ಹಿಡಿಕೆಗಳನ್ನು ನೇತ್ರಕಕ್ಕೆ ಸಿಕ್ಕಿಸಿದ್ದರಿಂದ ಒಂದೊಂದು ಸ್ಲೈಡನ್ನು ನಾಲ್ಕೈದು ಜನ ಒಟ್ಟಿಗೆ ನೋಡಲು ಸಾಧ್ಯವಾಯಿತು.

ನಡುವೆ ಎರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಮಾಲದಂಡಿ ಜೋಳದ ಮೊಳಕೆಯ ಬೇರು ಎರಡೇ ದಿನಕ್ಕೆ ಸಿಗುತ್ತದೆ, ಆದರೆ ಅದರ 20 ವರ್ಣತಂತುಗಳು ತೀರ ಸಣ್ಣವು. ವಿದ್ಯಾರ್ಥಿಗಳ ಸೂಕ್ಷ್ಮದರ್ಶಕದಲ್ಲಿ ಎಣಿಸುವುದು ಕಷ್ಟ. ಬಿಟ್ಟಿಲ್ಲ, ಎಣ್ಣೆಯ ಹನಿ ಹಾಕಿ ಇನ್ನೂ ಹೆಚ್ಚು ಹಿಗ್ಗಿಸಿ ನೋಡುವ ಮಸೂರ ಸಿಕ್ಕರೆ ಮತ್ತೆ ಕೂರುತ್ತೇನೆ. ಇನ್ನೊಂದು, ರಬಕವಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನೂಲಿಗೆ ಬಣ್ಣ ಹಾಕಿ ಉಳಿದ ನೀರು ತಂದಿದ್ದಳು. ಸ್ವೀಡನ್‌ನ ವಿಜ್ಞಾನಿ ಲೆವಾನ್ 1938ರಲ್ಲೇ ತೋರಿಸಿಕೊಟ್ಟ ದಾರಿ: ಉಳ್ಳಾಗಡ್ಡಿಯ ಬೇರನ್ನೇ ರಾಸಾಯನಿಕಗಳ ಪರಿಣಾಮದ ಮಾಪಕವಾಗಿ ಬಳಸುವುದು. ಹತ್ತು ಪಟ್ಟು ತೆಳು ಮಾಡಿದ ಬಣ್ಣದ ನೀರಿನಲ್ಲೂ ಬೇರು ಅರ್ಧದಷ್ಟೇ ಬೆಳೆಯಿತು, ವರ್ಣತಂತುಗಳು ಎರಡು ಕಡೆಗೆ ಸರಿಯುವ ಅನಾಫೇಸ್ ಹಂತದಲ್ಲಿ ಅವು ಪೂರ್ತಿ ಬೇರಾಗದೆ ಅಲ್ಲಲ್ಲಿ ಸೇತುವೆಗಳು ಕಂಡವು. ಒಂದೇ ಮಾದರಿಯಿಂದ ತೀರ್ಮಾನ ಹೇಳಲಾಗದು. ಅವಳು ಈಗ ಅದನ್ನೇ ತನ್ನ ಪ್ರಾಜೆಕ್ಟ್ ಮಾಡಿಕೊಂಡಿದ್ದಾಳೆ.

ಇನ್ನು ಗೋಷ್ಠಿ. ಬೆಳಗಾವಿಯಿಂದ ಬಂದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ಸಸ್ಯರಸವೊಂದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದು ಎಂಟಿಟಿ ಎಂಬ ಬಣ್ಣದ ಪರೀಕ್ಷೆಯ ಕಂಬನಕ್ಷೆಗಳನ್ನು ತೋರಿಸಿದರು. ಜೀವಂತ ಕೋಶಗಳನ್ನು 37 ಡಿಗ್ರಿಯಲ್ಲಿ, ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತರಲಾಗುವುದಿಲ್ಲ. ಆದ್ದರಿಂದ ಮೆಥನಾಲ್‌ನಲ್ಲಿ ಹಿಡಿದು ಗೀಮ್ಸಾ ಬಣ್ಣ ಹಚ್ಚಿದ ಗಾಜುಗಳನ್ನು ತರಲು ಮೊದಲೇ ತಿಳಿಸಿದ್ದೆ. ಎಂಟಿಟಿ ಅಳೆಯುವುದು ಕೋಶದ ಚಯಾಪಚಯವನ್ನು, ಸಾವನ್ನಲ್ಲ. ಗಾಜಿನ ಮೇಲೆ ಒಡೆದು ಚೂರಾದ ಕೋಶಕೇಂದ್ರಗಳು ಕೆಲವೇ ಕಂಡವು. ಹೆಚ್ಚಿನ ಕೋಶಗಳು ಅಗಲವಾಗಿ ಚಪ್ಪಟೆಯಾಗಿ ಕುಳಿತಿದ್ದವು, ವಿಭಜನೆಯ ಚಿತ್ರಗಳೇ ವಿರಳ. ‘ಇವು ಸತ್ತಿವೆಯೋ, ವಿಭಜನೆ ನಿಲ್ಲಿಸಿವೆಯೋ?’ ಎಂದು ಬಾಗಲಕೋಟೆಯ ಪ್ರಾಧ್ಯಾಪಕರೊಬ್ಬರು ಕೇಳಿದರು. ಪಿಪಿಟಿಯಲ್ಲಿ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಆ ಹುಡುಗಿ ಬೇಸರಿಸಿಕೊಳ್ಳಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡರು. ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ಅದಕ್ಕಿಂತ ಬಿಸಿಯೇರಿದ್ದು ನಮ್ಮದೇ ಉಳ್ಳಾಗಡ್ಡಿಯ ಮೇಲೆ. ಒಂದೇ ಸ್ಲೈಡಿನಲ್ಲಿ ವಿಭಜನೆಯಲ್ಲಿರುವ ಕೋಶಗಳ ಪ್ರಮಾಣ ಒಬ್ಬರಿಗೆ ಶೇ 7ರಷ್ಟು, ಇನ್ನೊಬ್ಬರಿಗೆ 11ರ ಹತ್ತಿರ. ಇಬ್ಬರನ್ನೂ ಒಂದೇ ನೇತ್ರಕದ ಮುಂದೆ ಕೂರಿಸಿ ಕೋಶ ಕೋಶವಾಗಿ ಹೇಳಿಸಿದೆ. ಒಬ್ಬರು ಸ್ವಲ್ಪ ಒರಟಾಗಿ ಕಂಡ ಕೋಶಕೇಂದ್ರವನ್ನೆಲ್ಲ ಪ್ರೊಫೇಸ್ (ವಿಭಜನೆಯ ಮೊದಲ ಹಂತ) ಎನ್ನುತ್ತಿದ್ದರು, ಇನ್ನೊಬ್ಬರು ತಂತುಗಳು ಬಿಡಿಯಾಗಿ ಕಂಡರೆ ಮಾತ್ರ. ಜೊತೆಗೆ ಒಬ್ಬರು ತುದಿಯ ಒತ್ತಾದ ಭಾಗದಲ್ಲೇ ಎಣಿಸುತ್ತಿದ್ದರೆ, ಇನ್ನೊಬ್ಬರು ಉದ್ದುದ್ದ ಕೋಶಗಳ ಭಾಗಕ್ಕೂ ಹೋಗುತ್ತಿದ್ದರು. ಮುಕ್ಕಾಲು ಗಂಟೆ ವಾದ ನಡೆಯಿತು. ಕೊನೆಗೆ ಬಿಡಿ ತಂತು ಕಂಡರೆ ಮಾತ್ರ ಪ್ರೊಫೇಸ್, ಉದ್ದ ಕೋಶಗಳು ಶುರುವಾದಲ್ಲಿ ಎಣಿಕೆ ಬಂದ್, ಸ್ಲೈಡಿನ ಗುರುತು ಎಣಿಸುವವರಿಗೆ ಕಾಣದಂತೆ ಮುಚ್ಚಿರಬೇಕು ಎಂದು ಅಲ್ಲೇ ಒಪ್ಪಿಕೊಂಡೆವು. ಮತ್ತೆ ಎಣಿಸಿದಾಗ ಇಬ್ಬರ ಅಂತರ ಒಂದಕ್ಕಿಂತ ಕಡಿಮೆ.

ಪರೀಕ್ಷೆ ನಡೆಸುತ್ತೀರೋ ಎಂದು ಕೇಳಿದ್ದ ಹಿರಿಯರು ಆ ವಾದದ ನಡುವೆ ನಿಂತು, ತಾವೇ ನೇತ್ರಕದಲ್ಲಿ ಕಾಣುವ ಮೂರು ಕ್ಷೇತ್ರಗಳ ಕೋಶಗಳನ್ನು ಎಣಿಸಿದರು. ಮುಂದಿನ ಗೋಷ್ಠಿಯನ್ನು ಬೆಳಗಾವಿಯ ಸ್ನೇಹಿತರು ಇದೇ ನಿಯಮದಲ್ಲಿ ನಡೆಸುತ್ತಾರೆ. ಅವರಿಗೆ ಹಳೆಯ ಗಡ್ಡೆ, ತುಕ್ಕಿನ ಸೂಜಿ, ಕನ್ನಡಿಯ ಸೂಕ್ಷ್ಮದರ್ಶಕ ಎಲ್ಲವನ್ನೂ ಬರೆದು ಕಳುಹಿಸಿದ್ದೇನೆ. ಕತ್ತರಿಸುವ ಹೊತ್ತನ್ನು ಮಾತ್ರ ಅವರೇ ಹುಡುಕಿಕೊಳ್ಳಬೇಕು. ಅಲ್ಲಿಯ ಚಳಿ ಬೇರೆ, ನಮ್ಮ ಗಡಿಯಾರ ಅಲ್ಲಿ ನಡೆಯುವುದಿಲ್ಲ.