ಅಮ್ಮ ರಂಗೋಲಿ ಬಿಟ್ಟಾಗ

ಅಮ್ಮ ಅಳಲಿಲ್ಲ. ಬಾಗಿಲಿಗೆ ರಂಗೋಲಿ ಹಾಕೋದು ಬಿಟ್ಟರು, ಅಷ್ಟೇ. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಸಾರಿಗೆ ಉಪ್ಪು ಮರೆವು. ಸದಾ ಮೈಕೈ ನೋವು. ಅಪ್ಪ ಹೋದ ಮೇಲೆ ವಯಸ್ಸಾಯ್ತು ಅಂದುಕೊಂಡು ನಾನು ಸುಮ್ನೆ ಇದ್ದೆ. ಇದು ಖಿನ್ನತೆ ಇರಬಹುದು ಅಂತ ಹೊಳೆಯಲೇ ಇಲ್ಲ.

ನೀವು ಹಾಗೆ ಮಾಡಬೇಡಿ. ಮನೆಯವರಲ್ಲಿ ಇಂಥ ಬದಲಾವಣೆ ಕಂಡರೆ ಒಂದು ಹಾಳೆಯಲ್ಲಿ ದಿನಾ ಬರೆದಿಡಿ: ಅವರ ನಿದ್ದೆ, ಊಟ, ಸುಸ್ತು, ಯಾವುದರಲ್ಲಿ ಆಸಕ್ತಿ ಹೋಯಿತು, 'ನಾನು ಯಾರಿಗೂ ಬೇಡ' ಅನ್ನೋ ಮಾತು. ಎರಡು ವಾರ ಹೀಗೇ ಇದ್ದರೆ ಹಾಳೆ, ಅವರು ನುಂಗುವ ಮಾತ್ರೆಗಳ ಸಮೇತ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಮಾತಾಡಿಸಿಯೇ ಗುರುತಿಸುತ್ತಾರೆ. ರಕ್ತದಲ್ಲಿ ಥೈರಾಯ್ಡ್, ವಿಟಮಿನ್ ಬಿ12 ನೋಡೋದು ಬೇರೆ ಕಾರಣ ಇದೆಯಾ ಅಂತ. ಕಾರಣವೂ ಒಂದೇ ಇರಲ್ಲ: ವಂಶ, ಕಾಯಿಲೆ, ಅಗಲಿಕೆ ಎಲ್ಲ ಸೇರಿರಬಹುದು.

ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.