ಕ್ಯಾನ್ಸರ್ ಇರುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಬರೆಯುವ ಬಗೆ

ರಾತ್ರಿ ಎರಡು ಗಂಟೆಗೆ ಗುಂಪಿನಲ್ಲಿ ಒಬ್ಬರು "ನಾಳೆ ಸ್ಕ್ಯಾನ್ ರಿಪೋರ್ಟ್ ಬರುತ್ತದೆ, ನಿದ್ದೆ ಹತ್ತುತ್ತಿಲ್ಲ" ಎಂದು ಬರೆದರೆ, ನಮ್ಮಲ್ಲಿ ಬಹಳ ಜನ ಕೂಡಲೇ "ಧೈರ್ಯವಾಗಿರಿ, ಏನೂ ಆಗುವುದಿಲ್ಲ" ಎನ್ನುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತಾದರೂ ಅದನ್ನು ಓದಿದವರು ತಮ್ಮ ಭಯವನ್ನು ಮುಂದೆ ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಅವರು ಬರೆದುದನ್ನೇ ಹಿಡಿದು, "ರಿಪೋರ್ಟಿಗೆ ಕಾಯುವ ರಾತ್ರಿ ಕಳೆಯುವುದು ಕಷ್ಟ. ನಾನೂ ಎಚ್ಚರವಾಗಿದ್ದೇನೆ, ಬರೆಯಬೇಕೆನಿಸಿದರೆ ಬರೆಯಿರಿ" ಎಂದು ಉತ್ತರಿಸಿ.

ಕೀಮೋ ಶುರುವಾದ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೆ ಉದುರಿದ ಕೂದಲನ್ನು ಕಂಡು ಅಳುವ ಹೆಣ್ಣುಮಗಳಿಗೆ "ಕೂದಲು ತಾನೇ, ಮತ್ತೆ ಬರುತ್ತದೆ" ಎನ್ನಬೇಡಿ. ಆ ಅಳು ಕೂದಲಿಗಾಗಿ ಮಾತ್ರವೇ ಆಗಿರಬೇಕಿಲ್ಲ. ಅಷ್ಟು ದಿನ ನೆರೆಹೊರೆಯವರಿಂದ ಮುಚ್ಚಿಟ್ಟಿದ್ದ ಕಾಯಿಲೆ ಇನ್ನು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂಬ ಸಂಕಟವೂ ಅದರಲ್ಲಿರಬಹುದು. ಯಾವುದು ನೋಯಿಸುತ್ತಿದೆ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ನಿಮ್ಮ ಅನುಭವವನ್ನು ನಿಮ್ಮದೆಂದೇ ಹೇಳಿ. ಸ್ತನ ಕ್ಯಾನ್ಸರ್ ಎಂಬ ಒಂದೇ ಹೆಸರಿದ್ದರೂ ಗೆಡ್ಡೆ ಯಾವ ಬಗೆಯದೆಂದು ತಿಳಿಸುವ ಹಾರ್ಮೋನ್ ರಿಸೆಪ್ಟರ್ ಮತ್ತು ಹರ್-2 ಪರೀಕ್ಷೆಗಳ ಫಲಿತಾಂಶಕ್ಕೆ ತಕ್ಕಂತೆ ಚಿಕಿತ್ಸೆ ಬೇರೆಯಾಗುವುದರಿಂದ, "ನನಗೆ ಆರು ಕೀಮೋದಲ್ಲೇ ಮುಗಿಯಿತು" ಎಂಬ ಮಾತು ಇನ್ನೊಬ್ಬರನ್ನು ಕಂಗೆಡಿಸಬಹುದು. ಲಕ್ಷ್ಮಣಫಲ, ಗೋಧಿಹುಲ್ಲಿನ ರಸದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಬರುವ ಫಾರ್ವರ್ಡ್‌ಗಳನ್ನು ಹಂಚಲೇಬೇಡಿ.

ಎರಡು ಸಂದರ್ಭಗಳಲ್ಲಿ ಮಾತ್ರ ಕೇಳುತ್ತ ಕೂರಬಾರದು. ಕೀಮೋ ಪಡೆಯುತ್ತಿರುವವರು 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚು ಜ್ವರವಿದೆ ಎಂದು ಬರೆದರೆ, ಕೀಮೋದಿಂದ ಬಿಳಿ ರಕ್ತಕಣಗಳು ಇಳಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದಾದ್ದರಿಂದ, ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡುವಂತೆ ಫೋನ್ ಮಾಡಿಯೇ ಹೇಳಿ. ಬದುಕು ಬೇಡವೆನಿಸಿದೆ ಎಂದು ಯಾರಾದರೂ ಬರೆದರೂ ಕೂಡಲೇ ಕರೆ ಮಾಡಿ. ಅವರ ಹತ್ತಿರ ಮನೆಯವರೊಬ್ಬರು ಇರುವಂತೆ ನೋಡಿಕೊಳ್ಳಿ. ಹಗಲಿರುಳೂ ಸಿಗುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಡಿ.

ಗುಂಪಿನ ಒಬ್ಬರು ತೀರಿಕೊಂಡ ಸುದ್ದಿ ಬಂದ ದಿನ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ, ಮರುದಿನ ಎಂದಿನಂತೆ ಶುಭೋದಯದ ಹೂಗಳು ಬರುತ್ತವೆ. ಅದೇ ಕಾಯಿಲೆಯ ಅದೇ ಹಂತದಲ್ಲಿರುವವರು ಆಗ ಏನನ್ನೂ ಬರೆಯದೆ ಸುಮ್ಮನಾಗಿಬಿಡುವುದುಂಟು. ಅಂಥವರಿಗೆ ಪ್ರತ್ಯೇಕವಾಗಿ ಬರೆದು ಹೇಗಿದ್ದೀರಿ ಎಂದು ವಿಚಾರಿಸಿ. ಉತ್ತರ ಬಾರದಿದ್ದರೆ ಎರಡು ದಿನ ಬಿಟ್ಟು ಮತ್ತೆ ವಿಚಾರಿಸಿ.