ಒಂದೇ ಕಿವಿ ಕೇಳಿಸದಿದ್ದಾಗ ಶ್ರವಣಯಂತ್ರ ಬೇಕೇ, ಬೇಡವೇ: ನಿರ್ಧರಿಸುವ ಬಗೆ

ಎರಡೂ ಕಿವಿ ಮಂದವಾದವರಿಗೆ ಶ್ರವಣಯಂತ್ರ ಬೇಕೆಂಬುದನ್ನು ಮನೆಯವರೇ ಹೇಳಿಬಿಡುತ್ತಾರೆ. ಒಂದೇ ಕಿವಿ ಹೋದವರ ಪಾಡು ಬೇರೆ. "ಇನ್ನೊಂದು ಚೆನ್ನಾಗಿದೆಯಲ್ಲ, ಸಾಕು ಬಿಡಿ" ಎಂದು ನೆಂಟರು ಸಮಾಧಾನ ಹೇಳುತ್ತಾರೆ. "ಇವತ್ತೇ ಮಿಷನ್ ಹಾಕಿಸಿಕೊಳ್ಳಿ" ಎಂದು ಅಂಗಡಿಯವರು ಅವಸರಿಸುತ್ತಾರೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿರುವ ನನ್ನ ಎಡಗಿವಿ ಕೇಳಿಸುವುದನ್ನು ನಿಲ್ಲಿಸಿ ಆರು ವರ್ಷವಾಯಿತು. ಶಿವಮೊಗ್ಗಕ್ಕೂ ಮೈಸೂರಿಗೂ ಓಡಾಡಿ, ಒಮ್ಮೆ ಹಣ ಕಳೆದುಕೊಂಡು ನಾನು ಅರಿತದ್ದಿಷ್ಟು: ಈ ನಿರ್ಧಾರ ನಿಂತಿರುವುದು ಆ ಕಿವಿಯಲ್ಲಿ ಮಾತನ್ನು ತಿಳಿಯುವ ಶಕ್ತಿ ಎಷ್ಟು ಉಳಿದಿದೆ ಎಂಬುದರ ಮೇಲೆ, ಮತ್ತು ನೀವು ಯಾವ ಜಾಗದಲ್ಲಿ ಯಾರ ಮಾತನ್ನು ಕಳೆದುಕೊಳ್ಳುತ್ತಿದ್ದೀರಿ ಎಂಬುದರ ಮೇಲೆ.

ಆದರೆ ಯಂತ್ರದ ಮಾತಿಗೆ ಮೊದಲು ಇನ್ನೊಂದನ್ನು ಹೇಳಲೇಬೇಕು. ನಿನ್ನೆಯವರೆಗೆ ಕೇಳಿಸುತ್ತಿದ್ದ ಕಿವಿ ಇಂದು ಬೆಳಿಗ್ಗೆ ಏಳುವಾಗ ಮುಚ್ಚಿಕೊಂಡಂತೆ ಆಗಿದ್ದರೆ, ಅಥವಾ ಎರಡು ಮೂರು ದಿನಗಳೊಳಗೆ ಕೇಳುವಿಕೆ ಕುಸಿದಿದ್ದರೆ, ಅದನ್ನು ಗುಗ್ಗೆ ಅಥವಾ ಶೀತ ಎಂದುಕೊಂಡು ಕಾಯಬಾರದು. ಒಳಗಿವಿಗೆ ಅಥವಾ ಕಿವಿಯ ನರಕ್ಕೆ ಪೆಟ್ಟು ಬಿದ್ದು ಹೀಗಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆಯನ್ನು ಎಷ್ಟು ಬೇಗ ಆರಂಭಿಸುತ್ತಾರೋ ಅಷ್ಟು ಆಸೆ ಇರುತ್ತದೆ. ಮೊದಲ ಎರಡು ವಾರಗಳು ಕಳೆದ ಮೇಲೆ ಆ ಆಸೆ ಬಹಳ ಕ್ಷೀಣಿಸುತ್ತದೆ. ನಾನು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟುಕೊಂಡು ಮೂರು ವಾರ ಕುಳಿತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸಣ್ಣ ಪರೀಕ್ಷೆಯಿದೆ: ಬಾಯಿ ಮುಚ್ಚಿ "ಮ್" ಎಂದು ಗುನುಗಿರಿ. ಆ ಸದ್ದು ಕೇಳಿಸದ ಕಿವಿಯ ಕಡೆಗೇ ಜೋರಾಗಿದ್ದರೆ ಗುಗ್ಗೆಯೋ ನಡುಗಿವಿಯ ತೊಂದರೆಯೋ ಇರುವ ಸಂಭವ ಹೆಚ್ಚು. ಒಳ್ಳೆಯ ಕಿವಿಯ ಕಡೆ ಜೋರಾಗಿದ್ದರೆ ನರದ ತೊಂದರೆ ಇರಬಹುದು, ಅಂದೇ ಹೊರಡಬೇಕು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಯಾವ ಕಡೆ ಕೇಳಿಸಿದರೂ ಇಎನ್‌ಟಿ ವೈದ್ಯರನ್ನು ಕಾಣುವುದು ತಪ್ಪದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇಎನ್‌ಟಿ ವಿಭಾಗವಿದೆ.

ನಿಧಾನವಾಗಿ ಮಂದವಾದ ಕಿವಿಯದ್ದಾದರೂ ಕಾರಣ ತಿಳಿಯದೆ ಯಂತ್ರ ಕೊಳ್ಳಬಾರದು. ಕಿವಿಯ ತಮಟೆ ತೂತಾಗಿದ್ದರೆ, ನಡುಗಿವಿಯ ಮೂಳೆ ಬಿಗಿದುಕೊಂಡಿದ್ದರೆ ಶಸ್ತ್ರಚಿಕಿತ್ಸೆಯಿಂದಲೇ ಕೇಳುವಿಕೆ ಮರಳಬಹುದು. ನರದ ತೊಂದರೆ ಒಂದೇ ಕಡೆ ಇದ್ದರೆ ವೈದ್ಯರು ಸಾಮಾನ್ಯವಾಗಿ ಎಂಆರ್‌ಐ ಮಾಡಿಸಲು ಹೇಳುತ್ತಾರೆ, ಏಕೆಂದರೆ ಶ್ರವಣ ಮತ್ತು ಸಮತೋಲನದ ನರದ ಮೇಲೆ ಬೆಳೆಯುವ, ಕ್ಯಾನ್ಸರ್ ಅಲ್ಲದ ಒಂದು ಬಗೆಯ ಗೆಡ್ಡೆ ಅಪರೂಪಕ್ಕೆ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಮಕ್ಕಳಲ್ಲಿ ಮಂಗನಬಾವು ಬಂದು ಹೋದ ಮೇಲೆ ಒಂದು ಕಿವಿ ಪೂರ್ತಿ ಹೋಗಿರುವುದುಂಟು, ಅದು ಮನೆಯವರ ಗಮನಕ್ಕೆ ಬರುವುದು ಮಗು ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದನ್ನು ಕಂಡಾಗ. ನಮ್ಮ ಕಡೆ ಮಂಗ ಓಡಿಸಲು ಕೋವಿ ಹಾರಿಸುವವರಲ್ಲಿ ಬಲಗೈಯವರಿಗೆ ಎಡಗಿವಿಯೇ ಹೆಚ್ಚು ಕೆಡುತ್ತದೆ. ಗುರಿ ಹಿಡಿಯುವಾಗ ನಳಿಗೆಯ ಬಾಯಿಗೆ ಹತ್ತಿರವಾಗುವುದು ಅದೇ ಕಿವಿ.

ಒಂದು ಕಿವಿ ಇಲ್ಲದಾಗ ನಿಜವಾಗಿ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಮದುವೆ ಮನೆಯ ಪಂಕ್ತಿ ನನಗೆ ತೋರಿಸಿತು. ಬಲಗಡೆ ಕುಳಿತವರ ಮಾತು ಸ್ಪಷ್ಟವಾಗಿತ್ತು. ಎಡಗಡೆಯಿಂದ ಸೌಟು ಹಿಡಿದು ಬಂದ ಹುಡುಗ "ಮಾವ, ಸಾಸಿವೆ ಹಾಕ್ಲಾ?" ಎಂದು ಎರಡು ಬಾರಿ ಕೇಳಿ, ಉತ್ತರ ಬಾರದೆ ಮುಂದಿನ ಎಲೆಗೆ ಹೋದ. ಆಮೇಲೆ ಅವನ ತಾಯಿ "ಮಾತಾಡ್ಸಿದ್ರೂ ತಿರುಗಿ ನೋಡ್ಲಿಲ್ಲವಂತೆ" ಎಂದು ನೊಂದುಕೊಂಡರು. ಇದಕ್ಕೆ ಕಾರಣ ತಲೆಯ ಮರೆ. ಕೇಳಿಸದ ಕಡೆಯಿಂದ ಬರುವ ಸದ್ದು ತಲೆಯನ್ನು ಸುತ್ತಿ ಒಳ್ಳೆಯ ಕಿವಿಗೆ ತಲುಪುವಾಗ, ತೆಳುವಾದ, ಎತ್ತರದ ಶ್ರುತಿಯ ಸದ್ದುಗಳು ಅರ್ಧ ದಾರಿಯಲ್ಲೇ ಸೊರಗುತ್ತವೆ. ಸ್ವರಾಕ್ಷರ ಕೇಳಿಸುತ್ತದೆ, ವ್ಯಂಜನ ಕೈತಪ್ಪುತ್ತದೆ. ಕಾಯಿ, ತಾಯಿ, ಬಾಯಿ ಮೂರೂ ಒಂದೇ ಆಗುತ್ತವೆ. ಇನ್ನು ಸದ್ದಿನ ದಿಕ್ಕನ್ನು ಮಿದುಳು ಅಳೆಯುವುದು ಎರಡು ಕಿವಿಗಳಿಗೆ ಅದು ತಲುಪುವ ಸಮಯದ ವ್ಯತ್ಯಾಸದಿಂದ ಮತ್ತು ಜೋರಿನ ವ್ಯತ್ಯಾಸದಿಂದ. ಸಮಯದ ಆ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕಿವಿ ಒಂದೇ ಆದಾಗ ಈ ಅಳತೆ ಇಲ್ಲ. ಗೋಪಿ ಸರ್ಕಲ್ಲಿನಲ್ಲಿ ರಸ್ತೆ ದಾಟುವಾಗ ಹಾರನ್ ಕೇಳಿಸುತ್ತದೆ, ಯಾವ ಕಡೆಯದೆಂದು ತಿಳಿಯುವುದಿಲ್ಲ.

ಈಗ ಪರೀಕ್ಷೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಮೋಸಹೋದದ್ದು ಇಲ್ಲಿಯೇ. ಆಡಿಯೋಗ್ರಾಮ್ ಎಂಬ ಹಾಳೆಯಲ್ಲಿ ಬಲಗಿವಿಯನ್ನು ಕೆಂಪು ಸೊನ್ನೆಗಳಿಂದ, ಎಡಗಿವಿಯನ್ನು ನೀಲಿ ಗುಣಾಕಾರ ಚಿಹ್ನೆಗಳಿಂದ ಗುರುತಿಸುತ್ತಾರೆ. ಗೆರೆ ಕೆಳಗಿಳಿದಷ್ಟೂ ಕೇಳುವಿಕೆ ಕಡಿಮೆ. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ವರ್ಗೀಕರಣದಲ್ಲಿ ಒಳ್ಳೆಯ ಕಿವಿ 20 ಡೆಸಿಬೆಲ್‌ಗಿಂತ ಕಡಿಮೆ ಸದ್ದನ್ನೂ ಹಿಡಿಯುತ್ತಿದ್ದು, ಇನ್ನೊಂದು ಕಿವಿಗೆ 35 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಅದನ್ನು ಒಂದು ಬದಿಯ ಶ್ರವಣದೋಷ ಎನ್ನುತ್ತಾರೆ. ಆದರೆ ಕೆಟ್ಟ ಕಿವಿಗೆ ಜೋರಾದ ಸದ್ದು ಕೊಟ್ಟಾಗ ಅದು ತಲೆಬುರುಡೆಯ ಮೂಲಕ ದಾಟಿ ಒಳ್ಳೆಯ ಕಿವಿಗೆ ಕೇಳಿಸುತ್ತದೆ. ಸಾಮಾನ್ಯ ಹೆಡ್‌ಫೋನಿನಲ್ಲಿ 40 ಡೆಸಿಬೆಲ್‌ನಷ್ಟು ವ್ಯತ್ಯಾಸವಾದರೂ ಹೀಗಾಗಬಹುದು. ಪರೀಕ್ಷೆಗೆ ಕೂತವರು ಗುಂಡಿ ಒತ್ತುತ್ತಾರೆ, ಕೆಟ್ಟ ಕಿವಿಗೇ ಕೇಳಿಸಿತು ಎಂದು ದಾಖಲಾಗುತ್ತದೆ. ಇದನ್ನು ತಪ್ಪಿಸಲು ಒಳ್ಳೆಯ ಕಿವಿಗೆ "ಶ್" ಎನ್ನುವ ಒಂದೇ ಸಮನಾದ ಸದ್ದು ತುಂಬಿ ಅದನ್ನು ಮರೆಮಾಡಬೇಕು. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ.

ನಾನು ಮೊದಲು ಹೋದ ಅಂಗಡಿಯಲ್ಲಿ ರಸ್ತೆಯ ಪಕ್ಕದ ಕೋಣೆಯಲ್ಲಿ ಕೂರಿಸಿ, ಮಾಸ್ಕಿಂಗ್ ಇಲ್ಲದೆ ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿದರು. ಎಡಗಿವಿ 60ರ ಆಸುಪಾಸು, ಯಂತ್ರ ಹಾಕಿದರೆ ಚೆನ್ನಾಗಿ ಕೇಳಿಸುತ್ತದೆ ಎಂದರು. ಹಾಕಿಕೊಂಡ ಮೇಲೆ ಆ ಕಿವಿಯಲ್ಲಿ ಮಾತು ಬರಲಿಲ್ಲ, ಬರಿಯ ಗರಗರ ಬಂತು. ಆಮೇಲೆ ಸದ್ದು ನುಗ್ಗದ ಕೋಣೆಯಲ್ಲಿ ಮಾಸ್ಕಿಂಗ್ ಹಾಕಿ ಪರೀಕ್ಷಿಸಿದಾಗ ಆ ಕಿವಿ 90 ಡೆಸಿಬೆಲ್‌ಗೂ ಓಗೊಡಲಿಲ್ಲ. ಅಂಗಡಿಯವರು ಅಳೆದದ್ದು ನನ್ನ ಬಲಗಿವಿಯನ್ನು. ಆದ್ದರಿಂದ ಪರೀಕ್ಷೆ ಮುಗಿದ ಕೂಡಲೇ ನಿಮ್ಮನ್ನೇ ಕೇಳಿಕೊಳ್ಳಿ: ಕೆಟ್ಟ ಕಿವಿಯನ್ನು ಪರೀಕ್ಷಿಸುವಾಗ ಒಳ್ಳೆಯ ಕಿವಿಯಲ್ಲಿ ಆ "ಶ್" ಸದ್ದು ಬಂತೇ? ಬರದಿದ್ದರೆ ಆ ಹಾಳೆಯನ್ನು ನಂಬಿ ಹಣ ಕೊಡಬೇಡಿ. ಪರೀಕ್ಷಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹೌದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅನುಮಾನ ಉಳಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿಬನ್ನಿ. ಶಿವಮೊಗ್ಗದಿಂದ ಮೈಸೂರಿಗೆ ನೇರ ರೈಲಿದೆ, ಆ ಪ್ರಯಾಣ ವ್ಯರ್ಥವಾಗುವುದಿಲ್ಲ.

ಡೆಸಿಬೆಲ್ಲಿನಷ್ಟೇ ಮುಖ್ಯವಾದದ್ದು ಪದಗಳನ್ನು ಗುರುತಿಸುವ ಪರೀಕ್ಷೆ. ಸಾಕಷ್ಟು ಜೋರಾಗಿ ಪದಗಳನ್ನು ಕೇಳಿಸಿ ನೂರಕ್ಕೆ ಎಷ್ಟನ್ನು ಸರಿಯಾಗಿ ಮರಳಿ ಹೇಳುತ್ತೀರಿ ಎಂದು ನೋಡುತ್ತಾರೆ. ಇದು ಕನ್ನಡ ಪದಗಳಲ್ಲಿಯೇ ನಡೆಯಬೇಕು. ಯಂತ್ರಕ್ಕೆ ಸದ್ದನ್ನು ಹಿಗ್ಗಿಸಲು ಬರುತ್ತದೆಯೇ ಹೊರತು, ನರ ಕೆಡಿಸಿದ ಮಾತನ್ನು ತಿದ್ದಲು ಬರುವುದಿಲ್ಲ. ಕೇಳುವಿಕೆ ಮಧ್ಯಮ ಮಟ್ಟದಲ್ಲಿ ಕುಗ್ಗಿದ್ದು, ಜೋರಾಗಿ ಹೇಳಿದಾಗ ಹೆಚ್ಚಿನ ಪದಗಳು ಸರಿಯಾಗಿ ತಿಳಿಯುತ್ತಿದ್ದರೆ ಸಾಮಾನ್ಯ ಶ್ರವಣಯಂತ್ರದಿಂದ ನಿಜವಾದ ಉಪಯೋಗವಿದೆ, ಎರಡು ಕಿವಿಗಳಿಂದ ಸಿಗುವ ದಿಕ್ಕಿನ ಅರಿವೂ ಸ್ವಲ್ಪ ಮರಳಬಹುದು. ಅಂಥವರು ಬೇಡವೆಂದು ಸುಮ್ಮನಿರುವುದನ್ನು ನಾನು ಒಪ್ಪುವುದಿಲ್ಲ. ಕಿವಿಯಲ್ಲಿ ಗುಂಯ್‌ಗುಡುವ ಸದ್ದಿದ್ದವರಿಗೆ ಹೊರಗಿನ ಸದ್ದು ಒಳಗೆ ಬರುವುದರಿಂದ ಆ ಕಾಟವೂ ಕೆಲವೊಮ್ಮೆ ತಗ್ಗುತ್ತದೆ.

ಎಷ್ಟು ಜೋರು ಮಾಡಿದರೂ ಪದ ತಿಳಿಯದ ಕಿವಿಗೆ ದಾರಿ ಬೇರೆ. ಅದರ ಹೆಸರು ಕ್ರಾಸ್. ಕೆಟ್ಟ ಕಿವಿಯ ಮೇಲೆ ಮೈಕ್ ಕೂರುತ್ತದೆ, ಅದು ಹಿಡಿದ ಮಾತನ್ನು ತಂತಿಯಿಲ್ಲದೆ ಒಳ್ಳೆಯ ಕಿವಿಯ ಮೇಲಿನ ಇನ್ನೊಂದು ಭಾಗಕ್ಕೆ ಕಳುಹಿಸುತ್ತದೆ. ಒಳ್ಳೆಯ ಕಿವಿಯೂ ತುಸು ಮಂದವಾಗಿದ್ದರೆ ಅದಕ್ಕೂ ಸದ್ದನ್ನು ಹಿಗ್ಗಿಸಿ ಕೊಡುವ ಬೈಕ್ರಾಸ್ ಇದೆ, ವಯಸ್ಸಾದವರಿಗೆ ಬಹುಮಟ್ಟಿಗೆ ಇದೇ ಬೇಕಾಗುತ್ತದೆ. ಕ್ರಾಸ್‌ನಿಂದ ತಲೆಯ ಮರೆ ಹೋಗುತ್ತದೆ, ಆದರೆ ಕೇಳುತ್ತಿರುವುದು ಒಂದೇ ಕಿವಿಯಾದ್ದರಿಂದ ದಿಕ್ಕು ಮರಳುವುದಿಲ್ಲ. ಕೆಟ್ಟ ಕಿವಿಯ ಕಡೆಯೇ ಗದ್ದಲವಿದ್ದರೆ ಆ ಗದ್ದಲವನ್ನೂ ಅದು ತಂದು ಒಳ್ಳೆಯ ಕಿವಿಗೆ ಸುರಿಯುತ್ತದೆ. ಮೂಳೆಯ ಮೂಲಕ ಸದ್ದು ದಾಟಿಸುವ ಯಂತ್ರಗಳೂ ಇವೆ. ಸದಾ ಸೋರುವ ಕಿವಿಯವರಿಗೆ, ಹುಟ್ಟಿನಿಂದಲೇ ಕಿವಿಯ ದಾರಿ ಮುಚ್ಚಿಕೊಂಡವರಿಗೆ ಅವು ಬಹಳ ಉಪಯುಕ್ತ. ಕೆಟ್ಟ ಕಿವಿಗೇ ಕೇಳುವಿಕೆಯನ್ನು ಮರಳಿ ಕೊಡುವ ಪ್ರಯತ್ನ ಮಾಡುವುದು ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಒಂದೇ. ಒಂದು ಬದಿಯ ಕಿವುಡಿಗೆ ಅದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಗೆ ನೀಡಿತು. ಕಿವಿ ಹೋಗಿ ಹೆಚ್ಚು ಕಾಲವಾಗದವರಿಗೆ ಅದರ ಫಲ ಹೆಚ್ಚು, ಖರ್ಚು ಮಾತ್ರ ಬಹಳ ದೊಡ್ಡದು.

ಹಾಳೆ ಕೈಯಲ್ಲಿ ಹಿಡಿದುಕೊಂಡ ಮೇಲೆ ಎರಡನೆಯ ಕೆಲಸ ಮನೆಯಲ್ಲಿ ಕುಳಿತು ಮಾಡುವಂಥದ್ದು. ಒಂದು ವಾರ, ಮಾತು ತಪ್ಪಿಹೋದ ಪ್ರತಿಯೊಂದು ಸಂದರ್ಭವನ್ನೂ ಬರೆದಿಡಿ: ಜಾಗ ಯಾವುದು, ಮಾತಾಡಿದವರು ಯಾವ ಬದಿಯಲ್ಲಿದ್ದರು, ಸುತ್ತ ಯಾವ ಸದ್ದಿತ್ತು. ನನ್ನ ಪಟ್ಟಿಯಲ್ಲಿ ಸೊಸೈಟಿಯ ಸಭೆ, ಕಾರಿನಲ್ಲಿ ಎಡಗಡೆ ಕೂರುವ ಮಡದಿಯ ಮಾತು, ಅಡಿಕೆ ಸುಲಿಯುವಾಗ ಜಗಲಿಯಲ್ಲಿ ಸುತ್ತ ಕುಳಿತವರ ಹರಟೆ, ಹಂಚಿನ ಮೇಲೆ ಮಳೆ ಸುರಿಯುವಾಗ ಅಡುಗೆ ಮನೆಯಿಂದ ಬರುವ ಕರೆ ಇದ್ದವು. ಮೊದಲಿನ ಎರಡಕ್ಕೆ ಕ್ರಾಸ್ ಸಹಾಯ ಮಾಡಿತು. ಜಗಲಿಯಲ್ಲಿ ಅರ್ಧ ಮಾತ್ರ. ಮಳೆಯ ಸದ್ದಿನಲ್ಲಿ ಏನೂ ಆಗಲಿಲ್ಲ, ಅಲ್ಲಿ ಎರಡು ಕಿವಿ ಸರಿಯಿರುವವರಿಗೂ ಕಷ್ಟವೇ. ಹೀಗೆ ಬರೆದ ಪಟ್ಟಿಯನ್ನು ಆಡಿಯಾಲಜಿಸ್ಟ್ ಮುಂದಿಟ್ಟರೆ ಯಂತ್ರವನ್ನು ಹೊಂದಿಸುವುದು ಅವರಿಗೂ ಸುಲಭ.

ಕೊಳ್ಳುವ ಮೊದಲು ಎರಡು ವಾರವಾದರೂ ಮನೆಗೆ ಒಯ್ದು ಬಳಸಿ ನೋಡಲು ಕೊಡುತ್ತಾರೆಯೇ, ಹಿಂದಿರುಗಿಸಿದರೆ ಎಷ್ಟು ಹಣ ಮುರಿಯುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಂಗಡಿಯ ನಿಶ್ಶಬ್ದ ಕೋಣೆಯಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಸಾಮಾನ್ಯ ಶ್ರವಣಯಂತ್ರವಾದರೆ ಕಿವಿಯೊಳಗೆ ತೆಳುವಾದ ನಳಿಕೆ ಇಟ್ಟು, ಅಲ್ಲಿಗೆ ನಿಜವಾಗಿ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದು ಹೊಂದಿಸುವಂತೆ ಕೇಳಿ. ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಕಾಗದ ಮಡಚುವ ಸದ್ದು ಕೂಡ ಚುಚ್ಚುತ್ತದೆ. ಮಿದುಳು ಇದಕ್ಕೆ ಒಗ್ಗಿಕೊಳ್ಳಲು ಕೆಲವು ವಾರಗಳೇ ಬೇಕು. ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಅಂಗವೈಕಲ್ಯ ಪ್ರಮಾಣಪತ್ರದ ಆಸೆಯಿಂದ ಲೆಕ್ಕ ಹಾಕಬೇಡಿ: ಪ್ರಮಾಣ ಲೆಕ್ಕ ಹಾಕುವ ಸೂತ್ರದಲ್ಲಿ ಒಳ್ಳೆಯ ಕಿವಿಗೆ ಐದು ಪಾಲು, ಕೆಟ್ಟ ಕಿವಿಗೆ ಒಂದೇ ಪಾಲು ತೂಕವಿರುವುದರಿಂದ, ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದವರಿಗೆ ಸುಮಾರು ಶೇಕಡಾ 17 ಮಾತ್ರ ಬರುತ್ತದೆ, ಸೌಲಭ್ಯಗಳಿಗೆ ಬೇಕಾದ 40ರ ಹತ್ತಿರಕ್ಕೂ ಅದು ಸುಳಿಯುವುದಿಲ್ಲ.

ನಮ್ಮ ಸೀಮೆಯಲ್ಲಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವನ್ನೂ ಯೋಚಿಸಬೇಕು. ಗುಂಡಿ ಬ್ಯಾಟರಿಗಳು ಗಾಳಿಯಿಂದ ಕೆಲಸ ಮಾಡುವಂಥವು, ತೇವದಲ್ಲಿ ಬೇಗ ಸೊರಗುತ್ತವೆ; ಚಾರ್ಜ್ ಮಾಡುವ ಯಂತ್ರವಾದರೆ ಗಾಳಿಮಳೆಗೆ ಎರಡು ದಿನ ಕರೆಂಟ್ ಹೋದಾಗ ಪವರ್ ಬ್ಯಾಂಕಿನಿಂದ ತುಂಬಿಸಲು ಬರುತ್ತದೆಯೇ ಎಂದು ಕೇಳಿಕೊಳ್ಳಿ. ರಾತ್ರಿ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು, ಒಲೆಯ ಮೇಲಿನ ಅಟ್ಟದಲ್ಲಿ ಎಂದಿಗೂ ಇಡಬಾರದು. ಮಳೆಗಾಲದಲ್ಲಿ ಕಿವಿಗೆ ಬೂಷ್ಟು ಹಿಡಿಯುವ ತೊಂದರೆ ಇದ್ದವರು ಕಿವಿಯನ್ನು ಪೂರ್ತಿ ಮುಚ್ಚುವ ಅಚ್ಚಿನ ಬದಲು ಗಾಳಿಯಾಡುವ ತೆರೆದ ತುದಿ ಹೊಂದುತ್ತದೆಯೇ ಎಂದು ವಿಚಾರಿಸಬೇಕು.

ಯೋಚಿಸಿ ನೋಡಿ ಯಂತ್ರ ಬೇಡವೆಂದು ತೀರ್ಮಾನಿಸಿದರೂ ಅದು ತಪ್ಪಲ್ಲ. ಪಂಕ್ತಿಯಲ್ಲಿ ಕೆಟ್ಟ ಕಿವಿಯ ಕಡೆ ಗೋಡೆ ಬರುವಂತೆ ಕೊನೆಯ ಎಲೆಗೆ ಕೂರುವುದು, ಮಗುವಾದರೆ ಒಳ್ಳೆಯ ಕಿವಿ ಮೇಷ್ಟ್ರ ಕಡೆ ಬರುವಂತೆ ಮುಂದಿನ ಬೆಂಚಿನಲ್ಲಿ ಜಾಗ ಕೊಡಿಸುವುದು, "ಈ ಕಡೆಯಿಂದ ಹೇಳಿ, ಆ ಕಿವಿ ಕೇಳಿಸುವುದಿಲ್ಲ" ಎಂದು ಮೊದಲೇ ತಿಳಿಸುವುದು, ಇವೆಲ್ಲ ಹಣವಿಲ್ಲದೆ ಆಗುವ ಸಹಾಯ. ಯಂತ್ರ ಕೊಂಡವರೂ ಕೊಳ್ಳದವರೂ ಕಾಯಬೇಕಾದದ್ದು ಉಳಿದ ಕಿವಿಯನ್ನು. ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಹಿಡಿಯುವಾಗ ಇಯರ್‌ಮಫ್ ಹಾಕಿಕೊಳ್ಳಿ, ವರ್ಷಕ್ಕೊಮ್ಮೆ ಆ ಕಿವಿಯನ್ನೂ ಪರೀಕ್ಷಿಸಿ ಹಳೆಯ ಹಾಳೆಯೊಂದಿಗೆ ಹೋಲಿಸಿ. ನನ್ನ ಹಾಳೆಗಳು ತೋಟದ ಪಹಣಿಯ ಜೊತೆಗೇ ಒಂದು ಫೈಲಿನಲ್ಲಿವೆ. ಕ್ರಾಸ್ ಯಂತ್ರ ಸಭೆಯ ದಿನ ಮತ್ತು ಕಾರಿನ ಪ್ರಯಾಣಕ್ಕೆ ಕಿವಿಗೇರುತ್ತದೆ, ಉಳಿದ ಹೊತ್ತು ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿರುತ್ತದೆ.